ಕಂಡಕಿ ಸುತ್ತುವಾಕಿ

"ಮನಿಯಾಗ ಎಲ್ಲಿ ಬೇಕಾದಲ್ಲಿ ಕುಂದರ್ರಿ, ಎಲ್ಲಿ ಬೇಕಾದಲ್ಲಿ ಮಲಕೋರಿ. ಆದ್ರ ಈ ಹಲಗಿ ಮಾತ್ರ ಎತ್ತಬ್ಯಾಡ್ರಿ," ಎಂದಳು ಶಿವವ್ವ, ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚುತ್ತ.

ಬನಹಟ್ಟಿಯ ನೇಕಾರರ ಓಣಿಯಲ್ಲಿ ಅವಳದು ಹಳೆಯ ಮನೆ. ಎಡಕ್ಕೂ ಬಲಕ್ಕೂ ಪವರ್‌ಲೂಮಿನ ಶೆಡ್ಡುಗಳು. ಬೆಳಗಾದರೆ ಸಾಕು, ಗೋಡೆ, ಕಿಟಕಿ, ಪಾತ್ರೆಗಳು, ಎದೆಯ ಗೂಡು, ಎಲ್ಲವೂ ಖಟಖಟ ಎಂದು ನಡುಗುತ್ತಿದ್ದವು. ಹಿಂದಿನ ಕೋಣೆಯ ನೆಲದಲ್ಲಿ ಒಬ್ಬ ಮನುಷ್ಯ ಸೊಂಟದವರೆಗೆ ಇಳಿಯುವಷ್ಟು ದೊಡ್ಡ ಗುಂಡಿ ಇತ್ತು. ಹಿಂದಿನ ಕಾಲದ ಕುಣಿಮಗ್ಗದ ಕುಣಿ ಅದು. ನೇಕಾರ ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ತುಳಿಮಣೆ ತುಳಿಯುತ್ತ ಸೀರೆ ನೇಯುತ್ತಿದ್ದ. ಈಗ ಕುಣಿಯ ಬಾಯಿಗೆ ಬೇವಿನ ಹಲಗೆಗಳನ್ನು ಹಾಸಿ ಮೊಳೆ ಹೊಡೆದಿದ್ದರು.

"ಯಾಕ್ರಿ ಅಮ್ಮಾ, ಒಳಗ ಹಾವು ಅದ ಏನು?" ಎಂದು ಮನೆ ಬಾಡಿಗೆಗೆ ಹಿಡಿದ ಅನಂತ ನಕ್ಕ.

"ಹಾವಿದ್ರ ಹಿಡಿಸಿ ಕಳಸ್ತಿದ್ನೋ ಯಪ್ಪಾ." ಶಿವವ್ವ ನಗಲಿಲ್ಲ. "ನಮ್ಮ ಮಾವ ಇದರಾಗ ಕುಂತು ನೇಯತಿದ್ದ. ಅವನ ಸೀರಿ ಅಂದ್ರ ಊರೆಲ್ಲಾ ಮುಗಿಬೀಳತಿತ್ತು. ಆಗದವ್ರು ಯಾರೋ ಅಮಾಸಿಗೆ ಮಾಟ ಮಾಡ್ಸಿ ಕುಣ್ಯಾಗ ಹುಗಿಸಿದ್ರು. ಏನು ಹುಗದ್ರೋ, ಎಷ್ಟು ಅಗದ್ರೂ ಸಿಗಲಿಲ್ಲ. ಆಗಿಂದ ಕುಣ್ಯಾಗ ಕಾಲ ಬಿಟ್ಕೊಂಡು ಕುಂತಾವ ಏನು ಕೆಟ್ಟದ್ದು ಆಡ್ತಾನ, ಅದು ಎದುರಿಗೆ ಕುಂತು ಕಂಡಕಿ ಸುತ್ತಾಕಿಗೆ ತಟ್ಟತೈತಿ. ಆಡಿದಾವಗ ಏನೂ ಆಗೂದಿಲ್ಲ. ಮಾವ ಸಿಟ್ಟಿನ ಮನಷ್ಯಾ, ನೂಲು ಹರದ್ರ ನೂಲಿಗೇ ಬೈತಿದ್ದ. ಅದೆಲ್ಲಾ ನಮ್ಮತ್ತಿ ಮೈಮ್ಯಾಲೆ ಬಂತು."

ಕಂಡಕಿ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕಡ್ಡಿ. ಗಂಡ ನೇಯುವಾಗ ಹೆಂಡತಿಯೋ ಮಗಳೋ ಎದುರು ಕೂತು ರಾಟಿ ತಿರುಗಿಸಿ ಅದಕ್ಕೆ ನೂಲು ಸುತ್ತಿಕೊಡುತ್ತಾರೆ. ಅವರ ಕೈ ನಿಂತರೆ ಮಗ್ಗವೂ ನಿಂತಂತೆ.

"ನಾವು ನೇಯೂದಿಲ್ಲ ಬಿಡ್ರಿ ಅಮ್ಮಾ, ನಾವು ಬರೇ ಆಟ ಆಡಾವ್ರು," ಎಂದ ಅನಂತ. ಪಕ್ಕದಲ್ಲಿದ್ದ ತಂಗಿ ಅಲಕಾ ಅವನ ಮೊಣಕೈ ಚಿವುಟಿದಳು. ಶಿವವ್ವ ಸಾವಳಗಿಯ ಮಗಳ ಮನೆಗೆ ಹೊರಡಲು ಚೀಲ ಎತ್ತಿಕೊಂಡಳು. ಹೋಗುವಾಗ ಹೊಸ್ತಿಲಲ್ಲಿ ನಿಂತು, ಅಣ್ಣನನ್ನಲ್ಲ, ತಂಗಿಯನ್ನೇ ಬಹಳ ಹೊತ್ತು ನೋಡಿದಳು.

ಅನಂತ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತ, ಅದನ್ನು ಲೈವ್‌ನಲ್ಲಿ ಜನಕ್ಕೆ ತೋರಿಸುತ್ತ, ನಮ್ಮ ಕಡೆಯ ಕನ್ನಡದಲ್ಲಿ ಹರಟೆ ಹೊಡೆಯುತ್ತಿದ್ದ. ಜಮಖಂಡಿಯ ಮನೆಯಲ್ಲಿ ಅಪ್ಪನ ಸಂಧ್ಯಾವಂದನೆಗೂ ಇವನ ಕೂಗಾಟಕ್ಕೂ ಹೊತ್ತು ಒಂದೇ ಆಗಿ, ದಿನಾ ಜಗಳ. ಅದಕ್ಕೇ ಈ ಬಾಡಿಗೆ ಮನೆ. ಅಣ್ಣ ಆಡುತ್ತಿದ್ದ, ತಂಗಿ ಚಾಟ್ ಕಾಯುತ್ತಿದ್ದಳು. ಕಾಯುವುದೆಂದರೆ ಸಣ್ಣ ಕೆಲಸವೇನಲ್ಲ. ಪರದೆಯ ಬದಿಯಲ್ಲಿ ಸಾಲುಗಟ್ಟಿ ಬರುವ ಮಾತುಗಳಲ್ಲಿ ಒಂದು ಒಳ್ಳೆಯದಿದ್ದರೆ ಹತ್ತು ಕೊಳಕು. "ನಿನ್ನ ಧ್ವನಿ ಕೇಳಿ ನಮ್ಮ ಎಮ್ಮಿ ಹಾಲು ಬಿಟ್ಟಿತು." "ಹೋಗಿ ಗುಡ್ಯಾಗ ಗಂಟಿ ಬಾರಿಸಲೇ." ಇವು ಮೆತ್ತನೆಯವು. ಉಳಿದವನ್ನು ಇಲ್ಲಿ ಬರೆಯುವಂತಿಲ್ಲ. ಅಣ್ಣನ ಕಣ್ಣಿಗೆ ಬೀಳುವ ಮೊದಲೇ ಅಲಕಾ ಅವನ್ನು ಅಳಿಸುತ್ತಿದ್ದಳು. ಮತ್ತೆ ಮತ್ತೆ ಬರೆಯುವವರನ್ನು ಹೈಡ್ ಮಾಡುತ್ತಿದ್ದಳು.

"ಬೈಯೂದಕ್ಕಿಂತ ಇದು ಛಲೋ, ದಾದಾ," ಎಂದು ಅವಳು ನಗುತ್ತ ವಿವರಿಸಿದ್ದಳು. "ಹೈಡ್ ಮಾಡಿದ್ದು ಅವಂಗ ತಿಳಿಯೂದೇ ಇಲ್ಲ. ಅವನ ಫೋನ್‌ನಾಗ ಅವನ ಮಾತು ಅವಂಗ ಕಾಣಸ್ತದ. ಬರೀತಾನs ಇರ್ತಾನ. ನಮಗ್ಯಾರಿಗೂ ಕಾಣಂಗಿಲ್ಲ. ಬಾಗಲಾ ಹಾಕಿದ ಮನಿ ಮುಂದ ನಿಂತು ಒದರಿದಂಗ."

ಆದರೂ ಎಷ್ಟೋ ಮಾತು ಜಾರಿ ಅವನಿಗೆ ತಾಕುತ್ತಿದ್ದವು. ಒಂದು ಸಂಜೆ ಲೈವ್ ಮುಗಿಸಿದವನು ಬಚ್ಚಲಿಗೆ ಹೋಗಿ, ನಳ ಬಿಟ್ಟು, ಆ ಸದ್ದಿನ ಮರೆಯಲ್ಲಿ ಅತ್ತಿದ್ದ. ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತ ಅಲಕಾಳಿಗೆ ಎಲ್ಲ ಕೇಳಿಸಿತ್ತು. ಆದರೆ ಅವಳು ಕೇಳಿಸಿತೆಂದು ಯಾವತ್ತೂ ಹೇಳಲಿಲ್ಲ.

ಬನಹಟ್ಟಿಯ ಸೆಕೆ ಕೆಟ್ಟದ್ದು. ಹಿಂದಿನ ಕೋಣೆಯಲ್ಲೇ ಇಂಟರ್‌ನೆಟ್ಟಿನ ತಂತಿ ಬಂದಿದ್ದರಿಂದ ಅನಂತ ಅಲ್ಲೇ ಕೂರಬೇಕಾಯಿತು. ಕಾಲ ಕೆಳಗಿನ ಹಲಗೆಯ ಸಂದಿಯಿಂದ ಮಾತ್ರ ತಣ್ಣನೆಯ ಗಾಳಿ ಬರುತ್ತಿತ್ತು. ಮೊದಲು ಮೊಳೆ ಕಿತ್ತು ಒಂದು ಹಲಗೆ ಎತ್ತಿದ. ಆಮೇಲೆ ಎಲ್ಲವನ್ನೂ.

ಒಳಗಿನಿಂದ ಒಂದು ವಾಸನೆ ಎದ್ದಿತು. ಹುಳಿತ ಗಂಜಿ, ಒದ್ದೆ ನೂಲು, ಕಮಟು ಎಣ್ಣೆ, ಅದರಡಿಯಲ್ಲಿ ಸುಟ್ಟ ಕೂದಲಿನಂಥದು ಇನ್ನೇನೋ. ಟಾರ್ಚ್ ಹಾಕಿದರೆ ಬರಿಯ ಮಣ್ಣು. ಅನಂತ ಅಂಚಿಗೆ ದಿಂಬು ಹಾಕಿ ಕೂತು, ಕಾಲು ಇಳಿಬಿಟ್ಟು, "ಆಹಾ! ಏಸಿ!" ಎಂದ. ಪರದೆಯನ್ನು ಎದುರಿನ ಹಳೆಯ ಮರದ ತೊಲೆಯ ಮೇಲೆ ಇಟ್ಟ.

ಅಲಕಾ ಫೋನ್ ಹಿಡಿದು ಕುಣಿಯ ಆಚೆ ಬದಿಗೆ ಕೂತಳು. ಅಲ್ಲಿ ನೆಲದ ಕಲ್ಲು ಒಂದು ಕಡೆ ನುಣ್ಣಗೆ ಸವೆದು ತಗ್ಗಾಗಿತ್ತು. ಯಾರೋ ಒಬ್ಬಳು ವರ್ಷಗಟ್ಟಲೆ ಅಲ್ಲೇ ಕೂತಿರಬೇಕು. ತಗ್ಗು ತನಗೇ ಅಳತೆ ಮಾಡಿಸಿದಂತಿದೆ ಎಂದು ಅವಳಿಗೆ ಅನಿಸಿತು.

ಬೇಟಿನಾಯಿ ಬಂದದ್ದು ಆ ದಿನಗಳಲ್ಲೇ. ಅದು ಚಾಟಿನಲ್ಲಿ ಒಬ್ಬನ ಹೆಸರು. ಚಿತ್ರ ಒಂದು ಮುಧೋಳ ನಾಯಿಯ ಚೂಪು ಮೂತಿ. ಲೈವ್ ಶುರುವಾದ ಕೂಡಲೇ ಹಾಜರು, ಮುಗಿಯುವವರೆಗೂ ಬೈಗುಳ. ಒಂದು ಸಂಜೆ ಅವನು, "ನಿನ್ನ ತಲಿಗೂದಲೆಲ್ಲಾ ಉದುರಿ ಹೋಗಲಿ, ಹಂಗರೆ ಹೆಡ್‌ಫೋನ್ ಗಟ್ಟಿ ಕೂಡತೈತಿ," ಎಂದು ಬರೆದ. ಅಲಕಾ ಅಳಿಸಲು ಹೋದಳು. ಅನಂತ ತಡೆದ.

"ತಡಿ. ಅಂಜಿ ಅಳಸೂದು ಸಾಕು. ಇನ್ನ ಇದನ್ನs ಊಟ ಮಾಡೂಣು." ಪೂಜಾರಿಯ ಧಾಟಿಯಲ್ಲಿ, ಮೂಗಿನಿಂದ, ಮಂತ್ರ ಹೇಳಿದಂತೆ ಆ ಬೈಗುಳವನ್ನು ಗಟ್ಟಿಯಾಗಿ ಓದಿದ. ಚಾಟ್ ನಗೆಯಿಂದ ತುಂಬಿಹೋಯಿತು.

ಮರುದಿನದಿಂದ ಅದಕ್ಕೊಂದು ಹೆಸರಾಯಿತು: ಬೈಗುಳದ ಬುತ್ತಿ. ದೀಪ ಹಚ್ಚುವ ಹೊತ್ತಿಗೆ ಅವನು ಆಟ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದ. ಅಲಕಾ ಒಳ್ಳೊಳ್ಳೆ ಬೈಗುಳ ಆರಿಸಿ ಕಳಿಸಬೇಕು, ಅವನು ಧಾಟಿ ಬದಲಿಸಿ ಓದಬೇಕು. ಮಹಾಲಿಂಗಪುರದಿಂದ, ರಬಕವಿಯಿಂದ, ಎಲ್ಲೆಲ್ಲಿಂದಲೋ ಜನ ಬಂದರು. ಅನಂತ ವರ್ಷಗಳ ಮೇಲೆ ಮನಸಾರೆ ನಕ್ಕ. ಊಟಕ್ಕೆ ಕೂತಾಗಲೂ ತಾನೇ ಓದಿದ್ದನ್ನು ನೆನೆದು ನಗುತ್ತಿದ್ದ.

ಕೂದಲಿನ ಆ ಬೈಗುಳ ಓದಿದ ಮರುಬೆಳಗ್ಗೆಯೇ ಅಲಕಾಳ ಬಾಚಣಿಗೆಯಲ್ಲಿ ಒಂದು ಹಿಡಿ ಕೂದಲು ಬಂದಿತ್ತು. ಮರುದಿನ ಇನ್ನೊಂದು ಹಿಡಿ. ಅವಳು ನೀರು ಬದಲಾದದ್ದಕ್ಕೆ ಎಂದುಕೊಂಡು ತಲೆಗೆ ಓಡ್ನಿ ಸುತ್ತಿದಳು.

ಬೇಟಿನಾಯಿ ಬರೆದ: "ಆ ಎಡಗೈಯಿಂದ ಆಡ್ತಿಯಲ್ಲ, ಅದಕ್ಕ ಲಕ್ವಾ ಹೊಡೀಲಿ." ಅನಂತ ಅದನ್ನು ಸಂತೆಯಲ್ಲಿ ಬದನೆಕಾಯಿ ಮಾರುವವನಂತೆ ಕೂಗಿ ಓದಿದ. ಅಲಕಾಳ ಎಡಗೈಯಿಂದ ಫೋನ್ ಜಾರಿ ಕುಣಿಯ ಅಂಚಿಗೆ ಬಿತ್ತು. ಬೆರಳು ಮಡಿಸಲು ನೋಡಿದಳು. ಆಗಲಿಲ್ಲ.

ಆ ಸಂಜೆ ಅವಳು ಅಣ್ಣನ ತಾಟಿಗೆ ರೊಟ್ಟಿ ಹಾಕುತ್ತ ಮೆಲ್ಲಗೆ ಕೇಳಿದಳು: "ದಾದಾ, ನಾಳಿಂದ ಬುತ್ತಿ ಬಿಚ್ಚಬ್ಯಾಡೋ."

"ಯಾಕ? ಆ ಮುದುಕಿ ಮಾತು ಕೇಳಿ ಅಂಜಿದಿ ಏನು?"

"ಅಂಜಿಕಿ ಅಲ್ಲ. ಕೈ ಯಾಕೋ..."

"ಫೋನ್ ಹಿಡದು ಹಿಡದು ಜೋಮು ಹಿಡದದ. ಎಣ್ಣಿ ಹಚ್ಗೋ." ಆಮೇಲೆ ಮುಖ ಎತ್ತಿ, ಹಳೆಯ ಅನಂತನ ಕಣ್ಣಿನಿಂದ ಅವಳನ್ನು ನೋಡಿದ. "ಈಗ ಎಲ್ಲಾ ಛಲೋ ನಡದದ. ಅವರು ಬೈತಾರ, ನಾ ನಗ್ತೀನಿ. ನನಗ ಮೊದಲಿನಂಗ ನೋವಾಗೂದಿಲ್ಲ, ಖರೆ. ಇದನ್ನ ನನ್ನಿಂದ ಕಸಗೋಬ್ಯಾಡ."

ಅಲಕಾಳಿಗೆ ಬಚ್ಚಲ ನಳದ ಸದ್ದು ನೆನಪಾಯಿತು. ಅವಳು ಎಡಗೈಯನ್ನು ಓಡ್ನಿಯ ಅಂಚಿನಡಿ ಇಟ್ಟುಕೊಂಡು, ಬಲಗೈಯಿಂದ ಇನ್ನೊಂದು ರೊಟ್ಟಿ ಹಾಕಿದಳು.

ಮುಂದಿನ ಬುತ್ತಿಯಲ್ಲಿ ಅವಳ ಧ್ವನಿ ಹೋಯಿತು. "ನಿನ್ನ ಗಂಟಲ ಕಟ್ಟಿ ಹೋಗಲಿ, ಊರು ಬದಕತೈತಿ," ಎಂದಿದ್ದ ಬೇಟಿನಾಯಿ. ಅನಂತ ಓದಿದ, ಜನ ನಕ್ಕರು. ನಗುತ್ತಿದ್ದವಳ ನಗೆ ಅರ್ಧಕ್ಕೆ ಗಾಳಿಯಾಯಿತು. ಮುಧೋಳದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಗಂಟಲಲ್ಲಿ ಏನೂ ಇಲ್ಲ, ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದಾರೇನು ಎಂದು ಕೇಳಿದರು. ಬಸ್ಸಿನಲ್ಲಿ ಬರುವಾಗ ಅವಳು ಅಣ್ಣನ ಅಂಗೈ ಮೇಲೆ ಬೆರಳಿನಿಂದ ಬರೆದಳು: ಓದಬ್ಯಾಡ.

ಅವನು "ಹೂಂ" ಎಂದ. ಎರಡು ಸಂಜೆ ಆಟ ಮಾತ್ರ ಆಡಿದ. ಬಂದ ಜನ ಬುತ್ತಿ ಎಲ್ಲಿ ಎಂದು ಕೇಳಿ ಕೇಳಿ ಎದ್ದುಹೋದರು. ಮೂರನೆಯ ಸಂಜೆ ಅವನು ಕುಣಿಯಲ್ಲಿ ಕಾಲು ಇಳಿಬಿಡುತ್ತ, ತಂಗಿಯ ಕಡೆ ನೋಡದೆ, "ಇವತ್ತ ಒಂದs ಒಂದು," ಎಂದ.

ಆ ಸಂಜೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಊರಿಗೇ ಕಿವುಡು ಬಡಿದಂತಾಯಿತು. ಬ್ಯಾಟರಿಯ ಮೇಲೆ ಲೈವ್ ನಡೆದಿತ್ತು, ಪರದೆಯೊಂದೇ ಉರಿಯುತ್ತಿತ್ತು. ಅದರ ನೀಲಿ ಬೆಳಕು ಕುಣಿಯ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಖಟ್.

ಅನಂತ ಹೆಡ್‌ಫೋನ್ ಸರಿಸಿದ.

ಖಟ್. ಖಟ್.

ಪಕ್ಕದ ಶೆಡ್ಡಿನದಲ್ಲ. ಪಕ್ಕದ ಶೆಡ್ಡು ಸತ್ತು ಬಿದ್ದಿತ್ತು. ಸದ್ದು ಅವನ ಕಾಲ ಕೆಳಗಿನದು. ಯಾರೋ ತುಳಿಮಣೆ ತುಳಿಯುತ್ತಿದ್ದರು. ಹುಳಿ ಗಂಜಿಯ ವಾಸನೆ ಗಂಟಲಿಗೆ ಅಡರಿತು. ಪಾದದ ಬೆರಳ ಸಂದಿಯಲ್ಲಿ ಎಳೆಗಳು ಹಾದುಹೋದವು, ಒದ್ದೆಯಾದ, ತೆಳ್ಳನೆಯ ಎಳೆಗಳು. ಜೇಡರಬಲೆ ಎಂದುಕೊಂಡು ಅವನು ಕಾಲು ಝಾಡಿಸಿದ. ಪರದೆಯ ಬದಿಯಲ್ಲಿ ಜನ ಕುಣಿಯುತ್ತಿದ್ದರು. ಓದು. ಓದು. ಓದಲೇ. ಅಂಜಿದೇನು?

ಬೇಟಿನಾಯಿಯ ಸಾಲು ಹೊಳೆಯುತ್ತಿತ್ತು. ಅಲಕಾ ಅದನ್ನು ಮೊದಲು ಓದಿದಳು. ಅವಳ ಬಲಗೈ ಅಳಿಸಲು ಹೋಯಿತು, ಒಂದೇ ಕೈಯಲ್ಲಿ ಫೋನ್ ಜಾರಿತು. ಅವಳು ಎದ್ದಳು. ಓಡ್ನಿ ಜಾರಿ ಬೋಳಾದ ತಲೆ ನೀಲಿ ಬೆಳಕಿನಲ್ಲಿ ಮಿನುಗಿತು. ಅನಂತ ಆವರೆಗೂ ಆ ತಲೆಯನ್ನು ನೋಡಿರಲಿಲ್ಲ. ನೋಡಿದ. ಆದರೂ ಬಾಯಿ ಆಗಲೇ ತೆರೆದಿತ್ತು, ನಗೆ ಆಗಲೇ ಶುರುವಾಗಿತ್ತು. ಅವಳು ಕುಣಿ ಸುತ್ತಿ ಓಡಿಬಂದು ಅವನ ಬಾಯಿಗೆ ಕೈ ಒತ್ತಿದಳು. ಅವನು ಅವಳ ಬೆರಳುಗಳ ಸಂದಿಯಿಂದಲೇ ಓದಿದ.

"ನಿನ್ನ ಹೆಸರು ಹೇಳಾಕ ಒಬ್ರೂ ಉಳೀದಂಗ ಆಗಲಿ."

ಖಟ್.

ಕೈ ಅವನ ಬಾಯಿಂದ ಕಳಚಿತು. ಅವಳು ಮೆಲ್ಲಗೆ ಹಿಂದಕ್ಕೆ ನಡೆದಳು. ಕುಣಿಯ ಆಚೆ, ಸವೆದ ತಗ್ಗಿನಲ್ಲಿ ಕೂತಳು. ಬಲಗೈ ಗಾಳಿಯಲ್ಲಿ ತಿರುಗತೊಡಗಿತು, ಕಾಣದ ರಾಟಿಯೊಂದನ್ನು ತಿರುಗಿಸುವಂತೆ.

"ಏ," ಎಂದ ಅನಂತ. "ಏನಾತ? ಏ..."

ಕತ್ತಲಲ್ಲಿ ಮೆಟ್ಟಿಲಿದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲದಂತಾಯಿತು. ಹೆಸರು ಇರಲಿಲ್ಲ. ತೊಟ್ಟಿಲಲ್ಲಿ ಇಣುಕಿ ಕರೆದ ಹೆಸರು. ಶಾಲೆಗೆ ಕೈ ಹಿಡಿದು ಕರೆದೊಯ್ಯುವಾಗ ಕರೆದ ಹೆಸರು. ನೀರು ತಾ, ಚಾ ಮಾಡು, ಚಾರ್ಜರ್ ಎಲ್ಲಿ ಎಂದು ದಿನಕ್ಕೆ ನೂರು ಸಲ ಕರೆದ ಹೆಸರು. ನಾಲಿಗೆ ಹುಡುಕಿತು. ಹಲ್ಲಿನ ಹಿಂದೆ ಹುಡುಕಿತು. ಇಲ್ಲ.

ಅವಳ ಚೀಲ ತೆರೆದು ಆಧಾರ್ ಕಾರ್ಡ್ ತೆಗೆದ. ಫೋಟೊ ಇತ್ತು. ಹೆಸರಿನ ಜಾಗ ಬಿಳಿ. ಹಳೆಯ ಲೈವ್‌ಗಳನ್ನು ಹಾಕಿ ಕೇಳಿದ. ಅವನು ನಗುತ್ತ ತಂಗಿಯನ್ನು ಕರೆಯುವ ಕಡೆಯಲ್ಲೆಲ್ಲ ಖಟ್ ಎಂಬ ಸದ್ದು. ಜಮಖಂಡಿಗೆ ಫೋನ್ ಹಚ್ಚಿದ.

"ಆಯೀ, ತಂಗಿ ಹೆಸರು ಏನು? ಲಗೂ ಹೇಳು."

"ಏನೋ ಚಾಷ್ಟಿ ಇದು?" ತಾಯಿ ನಕ್ಕಳು. "ನನ್ನ ಮಗಳ ಹೆಸರು ನನಗ... ಅವಳು... ಏ, ಇಲ್ಲೇ ಅದನೋ, ನಾಲಿಗಿ ತುದಿಗೇ ಅದ." ತಾಯಿಯ ನಗೆ ನಿಂತಿತು. "ಅನಂತಾ, ನಾನs ಅಲ್ಲೇನೋ ತೊಟ್ಟಲದಾಗ ಹಾಕಿ ಕಿವ್ಯಾಗ ಹೇಳಿದಾಕಿ? ನಾನs ಇಟ್ಟದ್ದಲ್ಲೇನೋ ಆ ಹೆಸರು? ಯಾಕ ಬರವಲ್ದೋ ನನಗ?"

ಅನಂತ ರಾತ್ರಿಯೇ ಫೋನ್ ಮಾಡಿದ್ದರಿಂದ ಬೆಳಗಿನ ಮೊದಲ ಬಸ್ಸಿಗೆ ಶಿವವ್ವ ಬಂದಳು. ತೆರೆದ ಕುಣಿ ನೋಡಿದಳು. ಆಚೆ ಕೂತವಳ ತಿರುಗುವ ಕೈ ನೋಡಿದಳು. ಹೊಸ್ತಿಲಲ್ಲೇ ಕುಸಿದು ಕೂತು ಎದೆ ಬಡಿದುಕೊಂಡಳು.

"ನಮ್ಮತ್ತೀನೂ ಹಿಂಗs ಕೈ ತಿರುವುತ್ತಿದ್ಲೋ ಯಪ್ಪಾ. ಕಡೀಕೂ ಹಿಂಗs."

"ಏನಾರೆ ದಾರಿ ಹೇಳ್ರಿ ಅಮ್ಮಾ. ಕಾಲಿಗೆ ಬೀಳ್ತೀನಿ."

"ದಾರಿ ಒಂದ ಐತಿ. ಬಲ್ಲವ್ರು ನಮ್ಮ ಮಾವಗ ಹೇಳಿದ್ರು, ಆದ್ರ ಅಷ್ಟರಾಗ ಅತ್ತಿ ಹೋಗಿಬಿಟ್ಟಿದ್ಲು. ದೀಪ ಹಚ್ಚೂ ಹೊತ್ತಿಗೆ ಕುಣ್ಯಾಗ ಕಾಲ ಬಿಟ್ಟು ಕುಂದರಬೇಕು. ಆಕಿ ಹೆಸರು ಹಿಡದು ಕರದು, ಆಡಿದ್ದೆಲ್ಲಾ ನನಗ ಇರಲಿ ಅನಬೇಕು. ಆಕಿ ಎದ್ದು ಬರ್ತಾಳ, ಎಲ್ಲಾ ನಿನಗ ಬರತೈತಿ. ತಪ್ಪು ಹೆಸರು ಕರದ್ರ ನಿನ್ನ ಉಸಿರು ಸವೀತೈತಿ. ಸುಮ್ನ ಹೆಸರು ಹಿಡದು ಕರಿ, ಮುಗೀತು." ಶಿವವ್ವ ಕಣ್ಣೊರೆಸಿಕೊಂಡಳು. "ನಾ ಮನಿ ಕೊಟ್ಟ ದಿನ ನೀನs ಕರದಿದ್ದೆಲ್ಲಾ ಆಕೀನ, ಹೆಸರು ಹಿಡದು. ಏನೋ ಛಲೋ ಹೆಸರಿತ್ತು... ಏನಿತ್ತು?"

ಅನಂತ ಗೋಡೆಗೆ ತಲೆ ಆನಿಸಿ ನಿಂತಿದ್ದ.

ಅವನು ಮಾಡಿದ ಮೊದಲ ಕೆಲಸ ಬೇಟಿನಾಯಿಯನ್ನು ಹೈಡ್ ಮಾಡಿದ್ದು. ಮಾಟಗಾರ ಇವನೇ, ಇವನ ಕೊಳಕು ಇನ್ನು ಈ ಮನೆಗೆ ಕಾಣಬಾರದು ಎಂದುಕೊಂಡ. ಬೆರಳು ಗಟ್ಟಿಯಾಗಿ ಒತ್ತಿದ. ತಂಗಿ ವರ್ಷಗಟ್ಟಲೆ ಅವನಿಗಾಗಿ ಮಾಡಿದ ಕೆಲಸವನ್ನು ಅವನು ತಾನೇ ಮಾಡಿದ್ದು ಅದೇ ಮೊದಲು. ಆಮೇಲೆ ದೀಪ ಹಚ್ಚುವ ಹೊತ್ತಿಗೆ ಲೈವ್ ಹಾಕಿ ಕುಣಿಯಲ್ಲಿ ಕಾಲು ಇಳಿಬಿಟ್ಟ.

"ಅಣ್ಣಗೋಳ್ರ, ಅಕ್ಕಗೋಳ್ರ, ಕೈ ಮುಗೀತೀನಿ. ನನ್ನ ತಂಗಿ ಹೆಸರು ಮರತದ. ಹೆಣ್ಣುಮಕ್ಕಳ ಹೆಸರು ಬರೀರಿ. ಗೊತ್ತಿದ್ದದ್ದೆಲ್ಲಾ ಬರೀರಿ. ನಾ ಓದ್ತೀನಿ."

ಚಾಟ್ ಒಡೆದ ಕಾಲುವೆಯಂತೆ ನುಗ್ಗಿತು. ಇದೇನು ಹೊಸಾ ನಾಟಕ. ಬುತ್ತಿಗಿಂತ ಇದು ಭಾರಿ ಐತಿ. ನಿನ್ನ ತಂಗಿ ಹೆಸರು ಎಮ್ಮಿ. ತಗೋ, ಮಲ್ಲವ್ವ. ತಗೋ, ಡಾಬರ್ ಚವನಪ್ರಾಶ. ಅಳೂ ಧಾಟಿ ಮಸ್ತ್ ಐತಲೇ. ನಡುನಡುವೆ ನಿಜವಾದ ಹೆಸರುಗಳೂ ಇದ್ದವು. ಅವನು ಯಾವುದನ್ನೂ ಬಿಡಲಿಲ್ಲ. ಎಮ್ಮಿಯನ್ನೂ ಬಿಡಲಿಲ್ಲ.

"ರುಕ್ಮವ್ವಾ. ಆಡಿದ್ದೆಲ್ಲಾ ನನಗ ಇರಲಿ. ಶೈಲಾ. ಆಡಿದ್ದೆಲ್ಲಾ ನನಗ ಇರಲಿ. ಮೃಣಾಲಿನಿ. ಆಡಿದ್ದೆಲ್ಲಾ..."

ಪ್ರತಿ ಹೆಸರಿಗೂ ತಲೆ ಎತ್ತಿ ಆಚೆ ನೋಡುತ್ತಿದ್ದ. ಅವಳ ಕೈ ತಿರುಗುತ್ತಲೇ ಇತ್ತು. ಕಣ್ಣುಗಳು ಅವನ ಮೇಲೆಯೇ ಇದ್ದವು. ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತವಳ ಕಣ್ಣುಗಳು.

ಅವತ್ತಿನಿಂದ ದಿನಾ ಸಂಜೆ ಅದೇ. ಜನ ಹೆಚ್ಚುತ್ತಿದ್ದಾರೆ. ಅವನ ಧ್ವನಿ ಸವೆದು ಸವೆದು ಒಣ ಎಲೆಯ ಸದ್ದಾಗಿದೆ, ಅದನ್ನೂ ನಟನೆ ಎಂದು ಮೆಚ್ಚುತ್ತಾರೆ. ಶಿವವ್ವ ಸಾವಳಗಿಗೆ ಹಿಂತಿರುಗಲಿಲ್ಲ. ಆಚೆ ಕೂತವಳಿಗೆ ಗಂಜಿ ಕುಡಿಸುತ್ತಾಳೆ, ಚಮಚೆ ತುಟಿಗಿಟ್ಟಾಗಲೂ ಕೈ ನಿಲ್ಲುವುದಿಲ್ಲ.

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ, ಒಂದು ಅಡತಿ ದಲಾಲಿ ಅಂಗಡಿಯ ತಕ್ಕಡಿಯ ಪಕ್ಕ, ಸೋಮಲಿಂಗ ಎಂಬ ಗುಮಾಸ್ತ ಕೂತಿರುತ್ತಾನೆ. ಕೆಟ್ಟವನಲ್ಲ. ಬೆಲ್ಲದ ಪೆಂಟಿ ತೂಗುವುದು, ಚಾ ಕುಡಿಯುವುದು, ಬೇಸರ ಬಂದರೆ ಫೋನ್ ನೋಡುವುದು. ಮಾಟ ಎಂದರೆ ಏನೆಂದು ಅವನಿಗೆ ಗೊತ್ತಿಲ್ಲ. ಊರಿನ ಜಾತ್ರೆಯ ಓಟದಲ್ಲಿ ಗೆದ್ದ ತನ್ನ ಅಣ್ಣನ ನಾಯಿಯ ಫೋಟೊ ಹಾಕಿ, ಚಾಟಿನಲ್ಲಿ ಬೇಟಿನಾಯಿ ಎಂದು ಹೆಸರು ಇಟ್ಟುಕೊಂಡಿದ್ದಾನೆ, ಅಷ್ಟೇ. ಮೊದಲ ಸಂಜೆಯೇ ಅವನಿಗೆ ಅನಂತನ ಮುಖದಲ್ಲಿದ್ದದ್ದು ನಾಟಕವಲ್ಲ ಎಂದು ತಿಳಿದುಹೋಗಿತ್ತು. ಒಂದು ದಿನವೂ ಬಿಡದೆ ನೋಡಿದವನು ಅವನೊಬ್ಬನೇ. "ಅಣ್ಣಾ, ತಪ್ಪಾತು. ನಾ ಸುಮ್ನ ಮಜಾಕ್ಕ ಬರದಿದ್ದೆ," ಎಂದು ಬರೆದ. ಅನಂತ ಓದಲಿಲ್ಲ. ಸಿಟ್ಟಾಗಿದ್ದಾನೆ, ಆಗಬೇಕಾದ್ದೇ ಎಂದುಕೊಂಡ.

ಅಂದಿನಿಂದ ಸೋಮಲಿಂಗ ಹೆಸರು ಬರೆಯುತ್ತಿದ್ದಾನೆ. ಅಂಗಡಿಗೆ ಬಂದ ಹೆಣ್ಣುಮಕ್ಕಳನ್ನು, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವರನ್ನು, ಜಮಖಂಡಿ ಕಡೆಯ ಲಗ್ನಪತ್ರಿಕೆ ಕಂಡರೆ ಅದನ್ನು, ಎಲ್ಲರನ್ನೂ ಹೆಸರು ಕೇಳುತ್ತಾನೆ. ಒಂದೊಂದನ್ನೂ ಬರೆದು ಅನಂತನ ತುಟಿ ನೋಡುತ್ತಾನೆ. ತನ್ನದನ್ನು ಬಿಟ್ಟು ಎಲ್ಲರದನ್ನೂ ಓದುತ್ತಾನೆ ಅಣ್ಣ. ಓದುತ್ತಾನೆ, ಇವತ್ತಲ್ಲ ನಾಳೆ ಓದುತ್ತಾನೆ.

ಇವತ್ತು ಸಂಜೆ ಬೆಲ್ಲ ತುಂಬಿದ ಗಾಡಿ ಬಂತು. ಜಮಖಂಡಿಯ ಒಬ್ಬಾಕೆ ಮಗುವಿನ ಕೈ ಹಿಡಿದು ರಸ್ತೆ ದಾಟುತ್ತ, ಕೈ ಬಿಡಿಸಿಕೊಂಡು ಓಡಿದ ಮಗುವನ್ನು ಹೆಸರು ಹಿಡಿದು ಗಟ್ಟಿಯಾಗಿ ಕೂಗಿ ಕರೆದಳು. ಸೋಮಲಿಂಗ ಆ ಹೆಸರನ್ನೂ ಬರೆದ. ಫೋನನ್ನು ಗೋಣಿಚೀಲದ ಮೇಲೆ ಇಟ್ಟು ತಕ್ಕಡಿಗೆ ಎದ್ದುಹೋದ.

ಬನಹಟ್ಟಿಯಲ್ಲಿ ಅನಂತ ಪರದೆಗೆ ಮುಖ ಒತ್ತಿ, ಇಲ್ಲದ ಧ್ವನಿಯಲ್ಲಿ ಓದುತ್ತಿದ್ದ. "ಸುನಂದಾ... ಆಡಿದ್ದೆಲ್ಲಾ ನನಗ ಇರಲಿ." ತಲೆ ಎತ್ತಿ ಆಚೆ ನೋಡಿದ. ಕೈ ತಿರುಗುತ್ತಿತ್ತು.

ಮಹಾಲಿಂಗಪುರದಲ್ಲಿ, ಬೆಲ್ಲದ ನೊಣ ಕೂತ ಒಂದು ಫೋನಿನಲ್ಲಿ, ಅದೊಂದರಲ್ಲಿ ಮಾತ್ರ, ಆ ಹೆಸರು ಸ್ವಲ್ಪ ಹೊತ್ತು ಬೆಳಗಿ ಮೇಲೆ ಸರಿದುಹೋಯಿತು.

ಅಲಕಾ.